ನಾಟಿಯ ದಿನ ಬಂದ ಜೀಪು

ವೀರೇಶ, ಆ ದಿನ ನಿನ್ನ ಹೆಂಡತಿ ತವರಿಗೆ ಹೋಗಿರಲಿಲ್ಲ. ದೇಶನೂರಿನ ನಮ್ಮ ಗದ್ದೆಯಲ್ಲೇ ಇದ್ದಳು. ಸುಳ್ಳು ಹೇಳಿದವನು ನಾನು, ನಿನ್ನ ಅಣ್ಣ.

ನೀನು ಗಡಿಯಲ್ಲಿದ್ದೆ. ಆಗ ಊರಿನ ಮನೆಗಳಲ್ಲಿ ಫೋನ್ ಇರಲಿಲ್ಲ. ಬಳ್ಳಾರಿ ಕಂಟೋನ್ಮೆಂಟಿನ ಮಾಜಿ ಸೈನಿಕರ ಸಂಘದವರು, ಕಾಳಗಕ್ಕೆ ಹೋದವರ ಮನೆಯವರನ್ನು ಜೀಪಿನಲ್ಲಿ ಕರೆದೊಯ್ದು ತಮ್ಮ ಫೋನಿನಲ್ಲಿ ಮಾತಾಡಿಸುತ್ತಿದ್ದರು. ನಮ್ಮ ಮನೆಗೆ ಬಂದವರು ಹವಾಲ್ದಾರ್ ಖಾದರ್ ಸಾಬರು.

"ಬಸಣ್ಣ, ಗಂಗಮ್ಮನ್ನ ಲಗೂನ ಕಳಸು. ಸಂಜಿಗೆ ನಿನ್ನ ತಮ್ಮ ಫೋನ್ ಮಾಡ್ತಾನ. ನಾಳಿ ಗುಡ್ಡದ ಮ್ಯಾಲ ಹೊಂಟಾನ."

ಅವತ್ತು ನಮ್ಮ ನಾಟಿ. ಸಸಿ ಕಿತ್ತಾಗಿತ್ತು. ಬಂದವರೆಲ್ಲ ಮುಯ್ಯಾಳು — ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು. ನಮ್ಮ ಮನೆಯ ಹೆಣ್ಣೇ ಎದ್ದು ಹೋದರೆ ಉಳಿದವರೂ ಏಳುತ್ತಾರೆ ಎಂದುಕೊಂಡೆ. ಅಷ್ಟೇ — ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

"ಆಕಿ ಕುರುಗೋಡಿಗೆ, ತವರಮನಿಗಿ ಹೋಗ್ಯಾಳ್ರಿ" ಎಂದೆ.

"ಗಂಡ ಗುಂಡಿನ ಬಾಯಾಗ ಅದಾನ, ಈಕಿಗೆ ತವರಮನಿ ಹೋಳಿಗಿ ಬೇಕಾತೇನು? ಇರ್ಲಿ, ಹೋಗೋ ಹಾದ್ಯಾಗ ಕುರುಗೋಡಿಗೂ ಹೊಕ್ಕೀನಿ."

ನನಗೆ ದಿಗಿಲಾಯಿತು. "ಕರದ್ರೂ ಬರಂಗಿಲ್ರಿ. ಜಗಳ ಮಾಡ್ಕೊಂಡು ಹೋಗ್ಯಾಳ."

"ಹಂಗಂತನ ಅವಗ ಫೋನಿನ್ಯಾಗ ಹೇಳ್ತೀನಿ" ಎಂದು ಸಾಬರು ಜೀಪು ಹತ್ತಿದರು. ಜೀಪು ಸಿರುಗುಪ್ಪದ ಕಡೆ ತಿರುಗಿತು. ನಾನು ಮನೆಯ ಹಿಂದಿನ ಗದ್ದೆಗಿಳಿದೆ. "ಯಾರ ಜೀಪು ಭಾವಾ?" ಎಂದು ಗಂಗಮ್ಮ ಬಗ್ಗಿದಲ್ಲಿಂದಲೇ ಕೇಳಿದಳು. ಕಾಲುವೆ ನೋಡಲು ಬಂದವರದು ಎಂದೆ.

ಆಮೇಲೆ ಶೆಲ್ ಸಿಡಿದು ನಿನ್ನ ಎರಡೂ ಕಿವಿ ಹೋದವು. ಜೀವಂತ ಬಂದೆ, ಆದರೆ ಅವಳ ಕೈಯಿಂದ ನೀರು ಸಹ ಇಸಿದುಕೊಳ್ಳಲಿಲ್ಲ. ಯುದ್ಧದಿಂದ ಹೀಗಾಗಿದ್ದಾನೆ ಎಂದು ಅವಳು ತಿಳಿದಳು. ಕಾರಣ ನಾನೊಬ್ಬನೇ ಬಲ್ಲೆ — ಬಲ್ಲೆ, ಆದರೂ ಇಷ್ಟು ವರ್ಷ ಅದೇ ಪಡಸಾಲೆಯಲ್ಲಿ ನಿಮ್ಮಿಬ್ಬರ ಜೊತೆ ಕೂತು ಉಂಡೆ.

ಈ ಸಲ ಗಡಿಯಲ್ಲಿ ಮತ್ತೆ ಗುಂಡು ಹಾರಿದಾಗ, ಸೈನಿಕರ ಮನೆಗಳನ್ನು ವಿಚಾರಿಸಲು ಸಂಘದವರ ಜೊತೆ ನೀನೂ ಹೋದೆ. ಕೆಂಚನಗುಡ್ಡದ ಒಂದು ಮನೆಯಲ್ಲಿ 'ಸೊಸೆ ಇಲ್ಲ' ಎಂದು ಬರೆದು ತೋರಿಸಿದರೂ ನಂಬದೆ, ಹಿತ್ತಲಿಗೆ ಹೋಗಿ ಅವಳನ್ನು ಕಂಡೇ ಬಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಐದನೇ ಇಯತ್ತೆ ಓದಿದವನು ನಾನು, ಇಷ್ಟು ಬರೆಯುವುದೇ ಕಷ್ಟ. ಕ್ಷಮಿಸು ಎಂದು ಬರೆಯಲಾರೆ. ಇದನ್ನು ನೀನು ಓದಿ ಮುಗಿಸಿದ ಮೇಲೆ, ನಿನ್ನ ಎದುರಿಗೇ ಗಂಗಮ್ಮನಿಗೆ ಹೇಳುತ್ತೇನೆ. ನನ್ನ ಮಾತು ನಿನಗೆ ಕೇಳಿಸುವುದಿಲ್ಲ. ನೀನು ಅವಳ ಮುಖ ನೋಡು. ಫೋನ್ ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ.