ಎರಡು ಸುಣ್ಣದ ಸುತ್ತು, ಒಂದೇ ಕೈ

ಬೆಳಗಿನ ಚಿಕ್ಕಿ ಇನ್ನೂ ಮಾಸಿಲ್ಲ. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಗಾಡಿದಾರಿಯ ಮಗ್ಗುಲಲ್ಲಿ, ಕೆಂಪು ಮಸಾರಿ ಬಯಲಿನಲ್ಲಿ ಹುಲಿಗವ್ವ ಹಿಂದುಹಿಂದಕ್ಕೆ ನಡೆಯುತ್ತಿದ್ದಾಳೆ. ಬಯಲಿನ ನಡುವೆ ಒಂದು ಗೂಟ, ಗೂಟಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ಅವಳ ಸೊಂಟಕ್ಕೆ. ಬಗಲ ಬುಟ್ಟಿಯಿಂದ ಮುಷ್ಟಿ ಮುಷ್ಟಿ ಸುಣ್ಣದ ಪುಡಿ ಉದುರಿದಂತೆ ನೆಲದ ಮೇಲೆ ಬಿಳಿ ಗೆರೆ ಬಾಗುತ್ತಾ ಬರುತ್ತದೆ. ಹುಣ್ಣಿಮೆಯ ಚಂದ್ರ ಇದನ್ನೇನಾದರೂ ನೋಡಿದರೆ ತಾನೇ ಸೊಟ್ಟಗಿದ್ದೇನೆಂದು ನಾಚಿ ಮೋಡ ಹೊದ್ದು ಮಲಗಬೇಕು, ಅಷ್ಟು ದುಂಡು.

ಹೋದ ವಾರವೇ ಅವಳನ್ನು ಈ ಕೆಲಸದಿಂದ ಬಿಡಿಸಿದ್ದಾರೆ. ಆದರೂ ಬಂದಿದ್ದಾಳೆ.

ಈ ಸುತ್ತು ಆಕಾಶದವರಿಗೆ, ಇಲ್ಲಿ ಇಳಿಯಿರಿ ಎಂಬ ಗುರುತು. ಗಂಗಾವತಿಯ ಹತ್ತಿ ಸಾಹುಕಾರ ಕೊಟ್ರಬಸಪ್ಪನವರ ಮಗ ದೇವೇಂದ್ರಪ್ಪ ಹೈದರಾಬಾದಿನಲ್ಲಿ ವಿಮಾನ ಕಲಿತು ಬಂದಿದ್ದಾರೆ. ಎರಡೇ ಜನ ಕೂರುವ, ಬಟ್ಟೆ ಕಟ್ಟಿಗೆಯ ಪುಟ್ಟ ವಿಮಾನ. ಅವರಂಥ ಗೆಳೆಯರು ಇನ್ನೂ ಕೆಲವರಿದ್ದಾರೆ. ಹಾರುವುದರಲ್ಲಿ ಎಲ್ಲರೂ ಗರುಡನ ತಮ್ಮಂದಿರೇ. ಇಳಿಯುವುದೊಂದೇ ಕಷ್ಟ.

“ಏರೂದೇನ ಛಲೋ ಏರ್ತಾರ್ರಿ. ಇಳಿಯೂದು ಮಾತ್ರ ಅಟ್ಟದ ಮ್ಯಾಲಿಂದ ಕುಂಬಳಕಾಯಿ ಬಿದ್ದಂಗ” ಎನ್ನುತ್ತಾಳೆ ಹುಲಿಗವ್ವ.

ಒಬ್ಬರು ಜೋರಾಗಿ ಬಂದು, ನೆಲಕ್ಕೆ ಬಡಿದು, ಕಪ್ಪೆಯಂತೆ ಕುಪ್ಪಳಿಸುತ್ತಾ ಜಾಲಿಯ ಪೊದೆ ಹೊಕ್ಕರು. ಮೈಯಿಂದ ಮುಳ್ಳು ಕಿತ್ತು ಕಿತ್ತು ಹುಲಿಗವ್ವನ ಉಗುರು ಸವೆಯಿತು. ಆ ಮುಳ್ಳಲ್ಲಿ ಒಂದು ಹೊಲಕ್ಕೆ ಬೇಲಿ ಹಾಕಬಹುದಿತ್ತು. ಇನ್ನೊಬ್ಬರು ಗಾಳಿ ಬೆನ್ನಿಗಿರುವಾಗ ಇಳಿದು, ನಿಲ್ಲಲಾರದೆ ಕೆರೆಯ ಕೆಸರಿಗೆ ಮೂತಿ ಊರಿ ಬಾತುಕೋಳಿಯ ಹಾಗೆ ಬಾಲ ಎತ್ತಿ ನಿಂತರು. ಬಯಲಿನ ಕಲ್ಲು ಆರಿಸುವುದು, ಆಡು ಓಡಿಸುವುದು, ಗಾಳಿಯ ದಿಕ್ಕು ಕಾಣಲೆಂದು ಹಸಿ ಹುಲ್ಲಿನ ಹೊಗೆ ಎಬ್ಬಿಸುವುದು, ಕೊನೆಗೆ ಬಿದ್ದವರನ್ನು ಎಳೆದು ಹಾಕುವುದು, ಎಲ್ಲ ಅವಳದೇ. ನೀರಿನ ಕೊಡ ಹೊತ್ತು ತರುವ ಅಬೇದಾಬಿ ಒಬ್ಬಳೇ ಜೊತೆಗಾತಿ.

ಗಂಡ ತೀರಿಹೋಗಿ ವರ್ಷಗಳಾದವು. ಹೊಟ್ಟೆಗೆ ಕೂಲಿ ಇದೆ, ಆದರೆ ಅವಳ ಮನೆತನದ ಕೆಲಸ ಬೇರೆಯೇ. ಸುತ್ತಲಿನ ಕಣಗಳಲ್ಲಿ ಜೋಳ ತೂರಿ ರಾಶಿ ಮಾಡಿದ ಮೇಲೆ, ರಾಶಿಯ ಸುತ್ತ ಬೂದಿ ಸುಣ್ಣದ ಗೆರೆ ಎಳೆಯಬೇಕು. ಗೆರೆ ಬೀಳದೆ ಪೂಜೆಯಿಲ್ಲ, ಪೂಜೆಯಾಗದೆ ಒಂದು ಕಾಳೂ ಅಳೆಯುವಂತಿಲ್ಲ. ಗೆರೆಯ ಒಳಗೆ ಕೆರ ಮೆಟ್ಟಿ ಯಾರೂ ಕಾಲಿಡುವುದಿಲ್ಲ, ಅವನು ಊರ ಗೌಡನೇ ಆಗಲಿ. ಈ ಗೆರೆ ಎಳೆಯುವವರು ಹುಲಿಗವ್ವನ ಮನೆಯ ಹೆಂಗಸರು. ಅವಳ ಸುತ್ತಿನ ದುಂಡು ನೋಡಿಯೇ ಸಾಹುಕಾರರು ಬಯಲಿಗೂ ಅವಳನ್ನು ಕರೆಸಿದ್ದು.

ಯಡವಟ್ಟು ಆದದ್ದು ಅಲ್ಲೇ.

ಈ ೧೯೩೯ರ ಸುಗ್ಗಿಯಲ್ಲಿ, ಹೋದ ವಾರ, ದೇವೇಂದ್ರಪ್ಪನವರು ಮೇಲಿನಿಂದ ಬಗ್ಗಿ ನೋಡಿದರೆ ಕೆಳಗೆ ಎರಡು ಬಿಳಿ ಸುತ್ತು. ಒಂದು ಬಯಲಿನದು, ಇನ್ನೊಂದು ಪಕ್ಕದ ಹೊಲದ ರೈತ ಗಾದಿಲಿಂಗಪ್ಪನ ಕಣದ್ದು. ಎರಡೂ ಒಂದೇ ಕೈಯವು. ಅವರು ಆರಿಸಿಕೊಂಡದ್ದು ಕಣವನ್ನು. ರಾಶಿಗೆ ವಿಮಾನದ ಮೂತಿ ಹೊಕ್ಕಿತು, ಮುಂದಿನ ಪಂಖ ಮುರಿಯಿತು, ಜೋಳ ಹನುಮಸಾಗರದ ತನಕ ಆಲಿಕಲ್ಲಿನಂತೆ ಸುರಿಯಿತು. ಕಣದ ಜನ ಹೇಗೋ ಓಡಿ ಉಳಿದರು. ದೇವೇಂದ್ರಪ್ಪನವರ ತುಟಿ ಒಡೆಯಿತು, ಅಷ್ಟೇ. ಆದರೆ ಅವರು ಬೂಟಿನಲ್ಲೇ ರಾಶಿಯೊಳಗೆ ಇಳಿದರು. ಗಾದಿಲಿಂಗಪ್ಪ ವಿಮಾನಕ್ಕೆ ಬೈಯಲಿಲ್ಲ, ಆ ಬೂಟು ನೋಡಿ ಮುಖ ತಿರುಗಿಸಿದ.

ಮರುದಿನ ಸಾಹುಕಾರರ ಮುನೀಮರು ಬಂದರು. ಇನ್ನು ಮೇಲೆ ಯಾವ ಕಣದಲ್ಲೂ ಗೆರೆ ಎಳೆಯಕೂಡದು, ಇಲ್ಲದಿದ್ದರೆ ಬಯಲಿನ ಕೆಲಸ ಇಲ್ಲ ಎಂದರು. ಊರವರಿಗೂ ಅವಳೇ ಈ ಹುಕುಂ ಹೇಳಿ ಬರಬೇಕಂತೆ.

ಹುಲಿಗವ್ವ ಸೆರಗು ಸಿಕ್ಕಿಸಿಕೊಂಡು ನಿಂತಳು. “ಮುನೀಮ್‌ರ, ಈ ಗೆರಿ ನಮ್ಮತ್ತಿ ಎಳದಾಳ, ಅವ್ರತ್ತಿ ಎಳದಾಳ. ಆಗ ಮ್ಯಾಲೆ ಬರೇ ಹದ್ದು ಹಾರ್ತಿದ್ವು, ಅವು ಯಾವತ್ತೂ ರಾಶಿ ಮ್ಯಾಲೆ ಬಿದ್ದಿಲ್ಲ. ನಿಮ್ಮ ಗುರ್ತ ನೀವು ಬದ್ಲು ಮಾಡ್ಕೋರಿ. ರಾಶಿ ಗೆರಿ ಬದ್ಲಾಗಂಗಿಲ್ಲ.”

ಕೆಲಸ ಹೋಯಿತು. ಹೊಸಬರನ್ನು ಹುಡುಕಿದರು, ಯಾರೂ ಬರಲಿಲ್ಲ. ಇವತ್ತು ರಿಪೇರಿಯಾದ ವಿಮಾನ ಮತ್ತೆ ಬರುತ್ತದೆ ಎಂದು ಅಬೇದಾಬಿ ನಿನ್ನೆ ಸುದ್ದಿ ತಂದಳು. ಕೂಲಿಯಿಲ್ಲದ ಕೆಲಸಕ್ಕೆ ಹೋಗಬೇಡ ಅಕ್ಕಾ ಎಂದೂ ಗದರಿದಳು. ಹುಲಿಗವ್ವ ಕೇಳಲಿಲ್ಲ. ಗುರುತು ಇಲ್ಲದಿದ್ದರೆ ಆ ಹುಡುಗ ಯಾರ ತಲೆಯ ಮೇಲೆ ಇಳಿಯುತ್ತಾನೋ ಎಂಬುದು ಅವಳ ಚಿಂತೆ.

ಬಯಲಿನ ಸುತ್ತು ಮುಗಿಸಿ, ಹೊಗೆಗೆ ಬೆಂಕಿ ಇಟ್ಟು, ಅವಳು ನೇರ ಗಾದಿಲಿಂಗಪ್ಪನ ಕಣಕ್ಕೆ ನಡೆಯುತ್ತಾಳೆ. ಮನೆಮಂದಿಯೆಲ್ಲ ವಾರವಿಡೀ ಕಾಳು ಬಳಿದು, ಮಣ್ಣು ಕೇರಿ ಮತ್ತೆ ರಾಶಿ ಮಾಡಿದ್ದಾರೆ. ಇವತ್ತು ಪೂಜೆಯಾಗದಿದ್ದರೆ ಜೋಳ ಮನೆ ಸೇರುವುದಿಲ್ಲ. ಮುನೀಮರು ಇಬ್ಬರು ಆಳುಗಳ ಸಮೇತ ಮೊದಲೇ ಅಲ್ಲಿ ನಿಂತಿದ್ದಾರೆ. ಹುಲಿಗವ್ವ ಅವರನ್ನು ಬಂಡೆ ಬಳಸಿದ ನೀರಿನ ಹಾಗೆ ಬಳಸಿ, ಗೆರೆ ಎಳೆದೇ ಬಿಡುತ್ತಾಳೆ.

ಅಳಿಸಿರಿ ಎನ್ನುತ್ತಾರೆ ಮುನೀಮರು. ಆಳುಗಳು ಗೆರೆಯ ತನಕ ಬಂದು ನಿಲ್ಲುತ್ತಾರೆ. ಹಿರಿಯವನು ಕೆರ ಬಿಚ್ಚಿ ಕೈಮುಗಿಯುತ್ತಾನೆ, ಕಿರಿಯವನೂ ಹಾಗೇ. ಸಿಟ್ಟಿಗೆದ್ದ ಮುನೀಮರು ತಾವೇ ಕಾಲೆತ್ತುತ್ತಾರೆ.

“ಇಡ್ರಿ. ಈ ಸುಗ್ಗಿ ಜ್ವಾಳದ ರೊಟ್ಟಿ ನಿಮ್ಮ ಮನಿಗೂ ಬರತೈತಿ” ಎನ್ನುತ್ತಾಳೆ ಹುಲಿಗವ್ವ.

ಎತ್ತಿದ ಕಾಲು ಕೊಕ್ಕರೆಯ ಕಾಲಿನಂತೆ ನಿಂತು, ಗೆರೆಯ ಈಚೆಗೇ ಇಳಿಯುತ್ತದೆ.

ಅಷ್ಟರಲ್ಲಿ ಆಕಾಶದಲ್ಲಿ ಗುಂಯ್ ಎಂಬ ಸದ್ದು. ವಿಮಾನ ಎರಡೂ ಸುತ್ತಿನ ಮೇಲೆ ಹಾದುಹೋಗುತ್ತದೆ, ಮತ್ತೆ ಬರುತ್ತದೆ. ಕಣದ ಹೆಂಗಸರು ಕೂಸುಗಳನ್ನು ಎತ್ತಿಕೊಳ್ಳುತ್ತಾರೆ. ಹುಲಿಗವ್ವ ಕಸಬರಿಗೆ ಎತ್ತಿ, ಕೋಳಿ ಓಡಿಸುವಂತೆ ಬಯಲಿನ ಕಡೆಗೆ ಬೀಸುತ್ತಾಳೆ. ಕೊನೆಗೆ ವಿಮಾನ ಹೊಗೆಯತ್ತ ಹೊರಳಿ ಬಯಲಿಗೆ ಬೀಳುತ್ತದೆ, ಪುಟಿಯುತ್ತದೆ, ಒಂದು ಗಾಲಿ ಕಳೆದುಕೊಂಡು ಕುಂಟುತ್ತಾ ನಿಲ್ಲುತ್ತದೆ.

ದೇವೇಂದ್ರಪ್ಪನವರು ಧೂಳು ಕೊಡವಿಕೊಂಡು ಕಣದವರೆಗೆ ನಡೆದು ಬರುತ್ತಾರೆ, ಗೆರೆಯ ಹೊರಗೇ ನಿಲ್ಲುತ್ತಾರೆ. ಕಣದ ಗೆರೆಯ ಮಾತು ಬಿಟ್ಟುಬಿಡು, ಕೆಲಸವೂ ಮತ್ತೆ ಸಿಗುತ್ತದೆ, ಕೊಪ್ಪಳದ ಕೋಟೆಯನ್ನು ಆಕಾಶದಿಂದ ತೋರಿಸಲು ವಿಮಾನದಲ್ಲಿ ಒಂದು ಸುತ್ತು ಕೂರಿಸಿಕೊಂಡೂ ಹೋಗುತ್ತೇನೆ ಎನ್ನುತ್ತಾರೆ.

ಹುಲಿಗವ್ವ ಬಯಲಿನಲ್ಲಿ ವಾಲಿ ನಿಂತ ವಿಮಾನವನ್ನೊಮ್ಮೆ ನೋಡುತ್ತಾಳೆ, ಸಾಹುಕಾರರ ಮಗನನ್ನೊಮ್ಮೆ ನೋಡುತ್ತಾಳೆ.

“ಗೆರಿ ಬಿಡಂಗಿಲ್ಲ, ಸಣ್ಣ ಸಾವ್ಕಾರ್ರ. ಇಮಾನದಾಗ ಕೂಡೂದು ಆಮ್ಯಾಲಿನ ಮಾತು. ಮೊದ್ಲು ನೀವು ಇಳಿಯೂದು ಕಲ್ತ ಬರ್ರಿ.”