ಮೀನೆಣ್ಣೆ ಹಚ್ಚಿದ ಕಾರು

ಮೊನ್ನೆ ಕಾಪು ಕಡಲ ಬದಿಯಲ್ಲಿ ಯಾರೋ ದೋಣಿಗೆ ಮೀನೆಣ್ಣೆ ಹಚ್ಚುತ್ತಿದ್ದರು. ಜೊತೆಗಿದ್ದ ಮಗಳು ಮೂಗು ಮುಚ್ಚಿಕೊಂಡು ದೂರ ಓಡಿದಳು. ನಾನು ಅಲ್ಲೇ ನಿಂತೆ. ಆ ನಾತಕ್ಕೆ ಕಣ್ಣು ತುಂಬಿತೆಂದರೆ ಯಾರು ನಂಬುತ್ತಾರೆ... ನಮ್ಮ ಪಕ್ಕದ ಮನೆಯ ಅಕ್ಕನನ್ನು ಕಂಡವರಾದರೆ ನಂಬಿಯಾರು.

ಅಕ್ಕ ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರುತ್ತಿದ್ದವರು. ಬಾಯಿ ಜೋರು, ಮನಸ್ಸು ಬೆಣ್ಣೆ. ನಮ್ಮಪ್ಪ ಶಾಲೆಯ ಮಾಸ್ಟ್ರು. ಅವರ ಜೀವವೆಲ್ಲ ಇದ್ದದ್ದು ಕಾರ್ಕಳದ ಟ್ಯಾಕ್ಸಿಯವರೊಬ್ಬರಿಂದ ಕೊಂಡ ಅಂಬಾಸಿಡರ್ ಕಾರಿನಲ್ಲಿ. ನನಗಿಂತ ಹಳೆಯ ಕಾರು ಅದು. ಶುಕ್ರವಾರ ಅಮ್ಮನಿಗೆಂದು ತಂದ ಮಲ್ಲಿಗೆಯಲ್ಲಿ ಒಂದು ತುಂಡು ಕಾರಿನ ಕನ್ನಡಿಗೂ ಸಲ್ಲುತ್ತಿತ್ತು. ಬಾಡಿದ ಮಲ್ಲಿಗೆಯೂ ಅಪ್ಪನ ನಶ್ಯವೂ ಸೇರಿ ಒಳಗೆ ಬೇರೆಯೇ ಒಂದು ಪರಿಮಳ.

ಅಕ್ಕ ದಾರಿಯಲ್ಲಿ ಸಿಕ್ಕಿದರೆ ಅಪ್ಪ ತಪ್ಪದೆ ಕಾರು ನಿಲ್ಲಿಸುತ್ತಿದ್ದರು. ಆದರೆ ಬುಟ್ಟಿಗೆ ಮಾತ್ರ ಪ್ರವೇಶವಿಲ್ಲ.

"ನನಗೆ ಸೀಟು ಉಂಟು, ನನ್ನ ಬುಟ್ಟಿಗೆ ಇಲ್ವಾ ಮಾಸ್ಟ್ರೇ? ಹಾಗಾದ್ರೆ ನಾವಿಬ್ರೂ ನಡ್ಕೊಂಡೇ ಬರ್ತೇವೆ" ಎಂದು ನಗುತ್ತಾ ಅಕ್ಕ ನಡೆದೇ ಹೋಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಅಪ್ಪ ತೀರಿಕೊಂಡರು. ಕಾರು ಅಂಗಳದಲ್ಲಿ ನಿಂತಲ್ಲೇ ಉಳಿಯಿತು. ಬನ್ನಂಜೆಯ ಒಂದು ಆಫೀಸಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮದು ಬಾಡಿಗೆ ಮನೆ, ಕಾರಿಗೊಂದು ಶೆಡ್ಡಿಲ್ಲ. ಅಪ್ಪ ದಿನಾ ಒರೆಸಿ ಓಡಿಸುತ್ತಿದ್ದಾಗಿನ ಮಾತು ಬೇರೆ. ಸುಮ್ಮನೆ ನಿಂತ ಕಾರನ್ನು ಕಡಲಿನ ಉಪ್ಪುಗಾಳಿ ಬಿಟ್ಟೀತೇ? "ಈ ಮಳೆ ಕಳೆದರೆ ಗುಜರಿಯವನೂ ಮುಟ್ಟಲಿಕ್ಕಿಲ್ಲ, ಈಗಲೇ ಕೊಟ್ಟುಬಿಡಿ" ಎಂದರು ಸೋದರಮಾವ. ಅಮ್ಮ ದಿನಾ ಸಂಜೆ ಕಾರಿನೊಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದರು. "ಬಾಗಿಲು ತೆಗೆದ್ರೆ ಅವರು ಒಳಗೇ ಇದ್ದಾರೆ ಅನ್ನಿಸ್ತದೆ" ಎಂದು ನನ್ನೊಬ್ಬಳಲ್ಲಿ ಮಾತ್ರ ಹೇಳಿದ್ದರು.

ಅಕ್ಕನಿಗೆ ಗುಜರಿಯ ಸುದ್ದಿ ಹೇಗೋ ತಲುಪಿತು. "ಎಂತ ಅಮ್ಮ, ದೋಣಿಗೆ ಶೆಡ್ಡು ಉಂಟಾ? ಅದು ಮಳೆಗಾಲ ಕಳೆಯುವುದಿಲ್ವಾ? ಕೀ ಇಲ್ಲಿ ಕೊಡಿ" ಎಂದರು.

ಮರುದಿನ ಅಮ್ಮನ ಕಣ್ಣು ತೋರಿಸಲು ನಾವು ಮಣಿಪಾಲಕ್ಕೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಅಂಗಳದಲ್ಲಿ ಕಾರಿರಲಿಲ್ಲ, ದೋಣಿಯಿತ್ತು! ಅಕ್ಕನ ಮನೆಯವರೆಲ್ಲ ಸೇರಿ ಕಾರನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಮೇಲೆ ಹೆಣೆದ ತೆಂಗಿನ ಮಡಲು ಹೊದಿಸಿ, ಬಲೆಯ ಹಗ್ಗದಿಂದ ಬಿಗಿದಿದ್ದರು. ಅಡಿಯಿಂದ ಮುಡಿಯವರೆಗೆ ಮೀನೆಣ್ಣೆ. ಆ ಮಳೆಗಾಲವಿಡೀ ಕೇರಿಯ ಬೆಕ್ಕುಗಳಿಗೆ ನಮ್ಮ ಅಂಗಳವೇ ಛತ್ರವಾಯಿತು.

ನವರಾತ್ರಿ ಕಳೆದ ಮೇಲೆ ಹಗ್ಗ ಬಿಚ್ಚಿದರು. ಒರೆಸಿದಲ್ಲೆಲ್ಲ ಕಾರು ಹೊಳೆಯುತ್ತಿತ್ತು, ಒಂದು ಚುಕ್ಕೆ ತುಕ್ಕಿಲ್ಲ. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತ ಠೀವಿಯನ್ನು ನೋಡಬೇಕಿತ್ತು. ಅಮ್ಮ ಬಾಗಿಲು ತೆರೆದು ಒಳಗೆ ಕುಳಿತರು... ಕುಳಿತವರೇ ಎದ್ದು ಬಂದರು. ಅಕ್ಕ ದೋಣಿಯ ಒಳಗೂ ಹೊರಗೂ ಹಚ್ಚುವ ಹಾಗೆ ಕಾರಿನ ಒಳಗೂ ಎಣ್ಣೆ ಹಚ್ಚಿಬಿಟ್ಟಿದ್ದರು. ಬಾಗಿಲಿನ ಸಂದಿ, ಸೀಟಿನ ಅಡಿ, ಒಂದನ್ನೂ ಬಿಟ್ಟಿರಲಿಲ್ಲ.

"ಅವರ ಪರಿಮಳ ಹೋಯಿತು" ಎಂದರು ಅಮ್ಮ, ಮೆಲ್ಲಗೆ.

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ಅಂಗಳದಲ್ಲಿ ಕುಸಿದು ಕುಳಿತರು. "ಅಯ್ಯೋ ದೇವರೇ, ನಾನೆಂತ ಮಾಡಿಬಿಟ್ಟೆ! ಮಾಸ್ಟ್ರು ಇದ್ದಿದ್ರೆ ನನಗೆ ಎಷ್ಟು ಬೈತಿದ್ರು..."

ಅಮ್ಮ ಅವರ ಪಕ್ಕದಲ್ಲೇ ಕುಳಿತರು. "ಬೈಲಿಕ್ಕಾದ್ರೂ ಬರ್ಲಿ ಬಿಡಿ" ಎಂದರು. ಇಬ್ಬರೂ ಅತ್ತರು. ಅಳುತ್ತಿರುವಾಗಲೇ ನಗುವೂ ಬಂತು. ನನಗೂ ಬಂತು.

ಆ ಕಾರಿನಲ್ಲೇ ನಾನು ಡ್ರೈವಿಂಗ್ ಕಲಿತೆ. ಮೊದಲ ಸವಾರಿಯಲ್ಲಿ ಅಕ್ಕನನ್ನು ಹಿಂದೆ ಕೂರಿಸಿಕೊಂಡೆ, ಬುಟ್ಟಿ ಸಮೇತ. ಇಷ್ಟಾದ ಮೇಲೆ ಇನ್ನು ಬುಟ್ಟಿಗೆಂತ ಮಡಿ? ಆದರೂ ಅಕ್ಕ ಬುಟ್ಟಿಯನ್ನು ಸೀಟಿಗೆ ತಾಗಿಸದೆ ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಅಕ್ಕ ಈಗಿಲ್ಲ. ಅಮ್ಮನೂ ಇಲ್ಲ. ಸಂತೆಕಟ್ಟೆಯ ನಮ್ಮ ಮನೆಯಲ್ಲಿ ಈಗ ಅದೇ ಕಾರಿಗೊಂದು ಶೆಡ್ಡು ಇದೆ. ಅಪ್ಪನ ಆ ಪರಿಮಳವನ್ನು ನೆನಪಿಸಿಕೊಳ್ಳಲು ಹೋದರೆ ಇಂದಿಗೂ ಮೂಗಿಗೆ ಬರುವುದು ಮೀನೆಣ್ಣೆಯೇ.

ಮೊನ್ನೆ ಆ ದೋಣಿಯವರನ್ನು ಕೇಳಿ ಒಂದು ಬಾಟಲಿ ಎಣ್ಣೆ ತಂದೆ. ಕಾರಿನ ಬಾಗಿಲಿನ ಸಂದಿಗೆ, ಸೀಟಿನ ಅಡಿಗೆ ಬಟ್ಟೆ ಅದ್ದಿ ಹಚ್ಚಿದೆ. "ಅಮ್ಮಾ, ನಿಂಗೆ ಎಂತ ಮರ್ಲಾ?" ಎಂದು ಮಗಳು ಚೆನ್ನಾಗಿ ಬೈದಳು.

ಬೈಯಲಿ. ಬೈಯಲಿಕ್ಕೆ ಒಬ್ಬಳಾದರೂ ಇದ್ದಾಳಲ್ಲ...