ಹದಿನೇಳನೆಯ ಗೂಟ

ಗೂಟವೆಂದರೆ ಏನು ಮಹಾ ವಸ್ತು? ಗೋಡೆಯಿಂದ ಗೇಣುದ್ದ ಹೊರಗೆ ಚಾಚಿದ ಮರದ ತುಂಡು. ರೋಣದ ನಮ್ಮ ಮನೆಯಲ್ಲಿ ಬಾಗಿಲ ಹಿಂದಿದ್ದ ಒಂದೇ ಗೂಟಕ್ಕೆ ಅಪ್ಪನ ಅಂಗಿ, ಅದರ ಮೇಲೆ ಅಣ್ಣನ ಅಂಗಿ, ಅದರ ಮೇಲೆ ಒಮ್ಮೊಮ್ಮೆ ಬೆಳ್ಳುಳ್ಳಿ ಗೊಂಚಲು ತೂಗುತ್ತಿದ್ದವು. ನನ್ನ ಅಂಗಿಗೆ ಅಲ್ಲಿ ಜಾಗವಿರಲಿಲ್ಲ. ಅದು ಯಾವಾಗಲೂ ನನ್ನ ಮೈಮೇಲೇ ಇರುತ್ತಿತ್ತು. ನೀವು ನಗಬಹುದು. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ನನ್ನದೇ ಒಂದು ಗೂಟ ಬೇಕೆಂಬುದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಆ ವರ್ಷ ಗದಗಿನ ಒಂದು ಹಾಸ್ಟೆಲಿನ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅವ್ವ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದಳು. ಶಾಲೆ ಶುರುವಾಗುವ ಮುಂಚೆ ಒಂದು ದಿನ ಅಪ್ಪ ಜಾಗ ತೋರಿಸಲು ಕರೆದುಕೊಂಡು ಹೋದ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಗೂಟಗಳು, ಪ್ರತಿಯೊಂದರ ಮೇಲೂ ಸುಣ್ಣದಲ್ಲಿ ಬರೆದ ಅಂಕಿ. ಹದಿನೇಳು ನಿನ್ನದು ಅಂದರು ಅಲ್ಲಿನ ಮೇಷ್ಟ್ರು. ಅಪ್ಪ ಹೊರಗೆ ಮೇಷ್ಟ್ರ ಜೊತೆ ಮಾತಾಡುತ್ತಿದ್ದಾಗ ನಾನು ಕೈಯೆತ್ತಿ, ತಲೆಗಿಂತ ಗೇಣು ಮೇಲಿದ್ದ ಆ ಗೂಟಕ್ಕೆ ನನ್ನ ಬಟ್ಟೆಯ ಚೀಲ ನೇತುಹಾಕಿ, ಎದುರಿನ ಗೋಡೆಗೆ ಒರಗಿ ಅದನ್ನೇ ನೋಡುತ್ತ ನಿಂತೆ. “ಬಾರೋ, ಬಸ್ ತಪ್ಪತೈತಿ,” ಎಂದು ಅಪ್ಪ ಕೂಗಿದಾಗ ತೆಗೆದುಕೊಂಡು ಓಡಿದೆ. ನನ್ನ ಹಾಸ್ಟೆಲ್ ವಾಸ ಅಷ್ಟೇ, ಅರ್ಧ ಗಂಟೆ. ಮುಂದಿನ ವಾರ ಗೌಂಡಿ ಕೆಲಸದಲ್ಲಿದ್ದ ಅಪ್ಪ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ಗಾರೆ ಬಳಿಯುವ ಅವನ ಕರಣಿ ನನ್ನ ಕೈಗೆ ಬಂತು. ಹತ್ತನೆಯ ತರಗತಿಯನ್ನು ನಾನು ಮೀಸೆ ಬಂದು ಎಷ್ಟೋ ವರ್ಷಗಳ ಮೇಲೆ, ಹಗಲು ಇಟ್ಟಿಗೆ ಹೊತ್ತು ಸಂಜೆ ಓದಿ ಪಾಸು ಮಾಡಿದೆ.

ಕೆಲಸ ಎಳೆದುಕೊಂಡು ಬಂದದ್ದು ವಡೋದರಾಕ್ಕೆ. ಈಗ ಸೈಟಿನಲ್ಲಿ ಸೂಪರ್‌ವೈಸರ್. ಹೋದ ಬೇಸಿಗೆಯಲ್ಲಿ ಊರಂಚಿನ ಒಂದು ಹಳೆಯ ವಸತಿ ಶಾಲೆಯ ಕೆಲಸ ಸಿಕ್ಕಿತು: ಸೋರುವ ಮಾಳಿಗೆ ಸರಿಮಾಡಬೇಕು, ಉಪ್ಪು ಹಿಡಿದ ಗಾರೆ ಕೆತ್ತಿ ಹೊಸದಾಗಿ ಬಳಿಯಬೇಕು, ಮಕ್ಕಳು ಮಲಗುವ ಹಳೆಯ ಕೋಣೆಗೆ ಹೊಂದಿಕೊಂಡು ಇನ್ನೊಂದು ಕೋಣೆ ಕಟ್ಟಬೇಕು. ಮೊದಲ ದಿನ ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಉದ್ದನೆಯ ಕೋಣೆ, ಮೂಲೆಯಲ್ಲಿ ಒಂದು ಗೋಣಿಚೀಲದ ತುಂಬ ತೇಗದ ಗೂಟಗಳು. ನನಗಿಂತ ಮೊದಲೇ ಬಂದಿದ್ದ ಗಾರೆ ಕೆತ್ತುವವರು ಕಿತ್ತು ಹಾಕಿದ್ದರು. ಎಷ್ಟೋ ವರ್ಷಗಳ ಮಕ್ಕಳ ಕೈ ತಾಗಿ ಅವು ಹುಣಸೆ ಬೀಜದ ಹಾಗೆ ನುಣುಪಾಗಿದ್ದವು. ನಕ್ಷೆಯಲ್ಲಿ ಸ್ಟೀಲ್ ಹುಕ್ ಎಂದಿತ್ತು. ಶಾಲೆಯ ಮಾಲೀಕರ ಹಿಂದೆ ಬಿದ್ದು ಅದನ್ನು ಬಿಡಿಸಿ, ಇವನ್ನೇ ಮತ್ತೆ ಹಾಕಲು ಒಪ್ಪಿಸಿದೆ.

“ಕೇಟ್ಲೇ ಊಂಚೆ, ಸಾಹೇಬ್?” ಎಷ್ಟು ಎತ್ತರಕ್ಕೆ ಎಂದು ಬಡಗಿ ಮಗನ್‌ಕಾಕಾ ಕೇಳಿದರು. ನಕ್ಷೆಯಲ್ಲಿ ಎತ್ತರ ಬರೆದಿರಲಿಲ್ಲ, ಹಳೆಯ ತೂತುಗಳು ಹೊಸ ಗಾರೆಯಡಿ ಮುಚ್ಚಿಹೋಗಿದ್ದವು. ನಾನು ಯೋಚಿಸಲೂ ಇಲ್ಲ. ಕೈ ತಾನಾಗಿ ಎದ್ದು, ತಲೆಗಿಂತ ಗೇಣು ಮೇಲೆ ಹೋಗಿ, ಪೆನ್ಸಿಲಿನಿಂದ ಗೆರೆ ಎಳೆಯಿತು. ಕಾಕಾ ನನ್ನನ್ನೊಮ್ಮೆ, ಗೆರೆಯನ್ನೊಮ್ಮೆ ನೋಡಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಲಸ ಶುರುಮಾಡಿದರು.

ಶಾಲೆ ತೆರೆಯಲು ಮೂರು ದಿನವಿದೆ ಎನ್ನುವಾಗ ವಾರ್ಡನ್ ಜ್ಯೋತ್ಸ್ನಾಬೆನ್ ನೋಡಲು ಬಂದರು. ಅವರು ನನ್ನ ಎದೆಮಟ್ಟ ಬರುವ ಹೆಂಗಸು. ಹೆಗಲ ಚೀಲ ತೆಗೆದು ಗೂಟಕ್ಕೆ ಹಾಕಲು ಹೋದರು. ತುದಿಗಾಲಲ್ಲಿ ನಿಂತರು. ಒಮ್ಮೆ ಹಾರಿದರು ಕೂಡ.

“ಅರೆ ಭಾಯಿ, ಇಲ್ಲಿ ಇರೋಕೆ ಬರೋದು ಮಕ್ಕಳೋ, ಒಂಟೆಗಳೋ?”

“ಸಾಹೇಬ್ ತಮಗೇ ಅಂತ ಮಾಡಿಸಿಕೊಂಡಿದಾರೆ, ಬೆನ್,” ಎಂದರು ಕಾಕಾ. “ಒಂದು ಮಂಚಾನೂ ಹಾಕಿಬಿಡಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಜ್ಯೋತ್ಸ್ನಾಬೆನ್ ನಗು ನಿಲ್ಲಿಸಿ ಹೇಳಿದರು: “ಹೊಸದಾಗಿ ಬಂದ ಮಗು ಗೇಟಿನಿಂದ ಅಳ್ತಾ ಬರುತ್ತೆ. ನಿನ್ನ ಚೀಲ ಇಲ್ಲಿ ಹಾಕು ಅಂತೀನಿ. ಹಾಕಿದ ಮೇಲೆ ಅರ್ಧ ಅಳು ನಿಲ್ಲುತ್ತೆ. ಇಷ್ಟೆತ್ತರ ಇದ್ದರೆ ನಾನೇನು ಮಾಡಲಿ?”

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ತಿರುಗಿದಳು. “ಅಲ್ರೀ, ಅವತ್ತಿನ ಗೂಟ ಅಲ್ಲೇ ಐತಿ. ಬೆಳದಾವ್ರು ನೀವು.”

ಅವಳು ಅಷ್ಟು ಹೇಳಿ ರೊಟ್ಟಿಗೆ ತಿರುಗಿದಳು. ಬಯಕೆಯ ಗುಣವೇ ಅದಿರಬೇಕು, ಗೆಳೆಯರೇ. ನಾವು ಅದನ್ನು ಇದ್ದ ಜಾಗದಲ್ಲೇ ಬಿಟ್ಟು ಬಂದಿದ್ದೇವೆ ಅಂದುಕೊಳ್ಳುತ್ತೇವೆ. ಅದು ನಮ್ಮ ಜೊತೆಗೇ ಬೆಳೆದು, ನಮ್ಮ ಅಂಗಿಯ ಅಳತೆಗೇ ಬಂದು, ಕೊನೆಗೆ ಯಾವ ಮಗುವಿನ ಕೈಗೂ ಎಟುಕದಷ್ಟು ಎತ್ತರಕ್ಕೆ ಹೋಗಿ ಕೂತಿರುತ್ತದೆ. ಇಷ್ಟು ವರ್ಷ ಇನ್ನೊಬ್ಬರ ಮನೆಗಳನ್ನು ಅಂಗುಲ ತಪ್ಪದೆ ಅಳೆದವನು, ಮನಸ್ಸಿಗೆ ಬೇಕಾದ ಒಂದು ಕೋಣೆಯಲ್ಲಿ ಟೇಪು ಬಿಚ್ಚುವುದನ್ನೇ ಮರೆತಿದ್ದೆ.

ಮರುದಿನ ಬೆಳಿಗ್ಗೆ ಗೋಡೆಯ ಮುಂದೆ ಮಂಡಿಯೂರಿ ಕೂತೆ. ಅಲ್ಲಿಂದ ನೋಡಿದರೆ ಕೋಣೆಯೇ ಬೇರೆ: ಮಾಳಿಗೆ ದೂರ, ಕಿಟಕಿಯಲ್ಲಿ ಬೇವಿನ ಮರದ ತುದಿ ಮಾತ್ರ. ಕೈಯೆತ್ತಿ, ತಲೆಗಿಂತ ಗೇಣು ಮೇಲೆ ಗೆರೆ ಎಳೆದೆ. ಕಾಕಾ ಒಂದೊಂದೇ ಗೂಟ ಕೆಳಗಿಳಿಸುತ್ತ ಬಂದರು. ಅವರ ಹಿಂದೆ ನಾನೇ ಕರಣಿ ಹಿಡಿದು ಮೇಲಿನ ತೂತುಗಳನ್ನು ಮುಚ್ಚಿದೆ. ಎರಡು ದಿನ ಹಿಡಿಯಿತು.

ಎಲ್ಲ ಮುಗಿದು ಕಾಕಾ ಚಹಾ ಕುಡಿಯಲು ಹೊರಗೆ ಹೋದಾಗ, ಬಾಗಿಲಿನಿಂದ ಎಣಿಸುತ್ತ ಹದಿನೇಳರವರೆಗೆ ಬಂದೆ. ಮಂಡಿಯೂರಿ, ಊಟದ ಡಬ್ಬಿಯ ಚೀಲವನ್ನು ಆ ನುಣುಪಾದ ಗೂಟಕ್ಕೆ ನೇತುಹಾಕಿ, ಎದುರಿನ ಗೋಡೆಗೆ ಒರಗಿ ನೋಡುತ್ತ ಕೂತೆ. ಸರಿಯಾಗಿತ್ತು. ಕರೆಯಲು ಅಪ್ಪನಿಲ್ಲ, ತಪ್ಪುವ ಬಸ್ಸೂ ಇಲ್ಲ. ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು. ಆದರೆ ಬೆಳಗಾದರೆ ಯಾವುದೋ ಮಗು ಅಳುತ್ತ ಬಂದು ಅಲ್ಲಿ ಕೈಯೆತ್ತಬೇಕು. ಎದ್ದು ನನ್ನ ಚೀಲವನ್ನು ನಾನೇ ತೆಗೆದುಕೊಂಡೆ.